ಫ್ಲಶ್ ಟ್ಯಾಂಕ್ ಸೋರುತ್ತಿದೆಯಾ? ಮೊದಲು ಒಂದು ಪೆನ್ಸಿಲ್ ತನ್ನಿ

ನಮ್ಮ ಅತ್ತೆ ಪಾವಗಡದ ಕಡೆಯವರು. ಕೊಡದಲ್ಲಿ ನೀರು ಹೊತ್ತು ತಂದು ಸಂಸಾರ ಮಾಡಿದವರು. ರಾತ್ರಿ ಮನೆಯಲ್ಲಿ ಎಲ್ಲಿ ನೀರಿನ ಸದ್ದಾದರೂ ಅವರಿಗೆ ಎಚ್ಚರವಾಗುತ್ತದೆ. 2024ರ ಮಾರ್ಚ್‌ನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿದರು. "ಬಚ್ಚಲಾಗೆ ನೀರು ಹೋಗೋ ಸದ್ದು ಬರ್ತೈತಮ್ಮ, ವಸಿ ನೋಡು" ಎಂದರು.

ಎದ್ದು ಹೋಗಿ ನೋಡಿದೆ. ನಲ್ಲಿಗಳೆಲ್ಲ ಮುಚ್ಚಿದ್ದವು. ನೆಲವೂ ಒಣಗಿತ್ತು. ಕಮೋಡ್ ಹಿಂದಿನ ಟ್ಯಾಂಕಿಗೆ ಕಿವಿ ಇಟ್ಟಾಗ ಸಣ್ಣಗೆ 'ಸ್ಸ್' ಅನ್ನುವ ಸದ್ದು ಕೇಳಿಸಿತು. ಮುಚ್ಚಳ ತೆಗೆದೆ. ಟ್ಯಾಂಕ್ ತುಂಬಿಯೇ ಇತ್ತು, ಆದರೂ ಹೊಸ ನೀರು ಬರುತ್ತಲೇ ಇತ್ತು. ಅಂದರೆ ಅಷ್ಟೇ ನೀರು ಎಲ್ಲಿಂದಲೋ ಹೋಗುತ್ತಲೂ ಇದೆ, ಅಲ್ವಾ?

ಬೆಂಗಳೂರಿಗೆ ಅದು ನೀರಿಲ್ಲದ ಬೇಸಿಗೆ. ನಮ್ಮ ರಾಜರಾಜೇಶ್ವರಿ ನಗರದ ಕಡೆ ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರ್‌ಗೆ ಹೇಳಿ ದಿನಗಟ್ಟಲೆ ಕಾಯಬೇಕಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದು ಅದೇ ತಿಂಗಳು. ನಾವು ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಗಿಡಕ್ಕೆ ಹಾಕುತ್ತಿದ್ದೆವು. ದುಡ್ಡು ಕೊಟ್ಟು ತರಿಸಿದ ನೀರು ಹಗಲೂ ರಾತ್ರಿ ಹೀಗೆ ಚರಂಡಿ ಸೇರುತ್ತಿದೆ ಎಂದು ಗೊತ್ತಾದಾಗ ನನಗೆ ಮತ್ತೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಪ್ಲಂಬರ್ ಬಂದರು. ಐದು ನಿಮಿಷ ನೋಡಿ "ವಾಲ್ವ್ ಹೋಗಿದೆ ಮೇಡಂ" ಎಂದರು. ನೀರು ತುಂಬುವ ವಾಲ್ವ್ ಬದಲಾಯಿಸಿ, ಸಾಮಾನು ಮತ್ತು ಕೂಲಿ ಸೇರಿ 1,400 ತೆಗೆದುಕೊಂಡು ಹೋದರು. ರಾತ್ರಿ ಮತ್ತೆ ಅದೇ ಸದ್ದು. ಮೂರನೇ ದಿನ ನಾನೇ ಟ್ಯಾಂಕಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ತಪ್ಪಿದ್ದದ್ದು ತಳದಲ್ಲಿರುವ ಒಂದು ರಬ್ಬರ್ ವಾಷರ್‌ನಲ್ಲಿ. ಅದನ್ನು ಒರೆಸಿ, ಮಗುಚಿ ಹಾಕಿದ ಮೇಲೆ ಸದ್ದು ನಿಂತಿತು. ಆಮೇಲೆ ಮಹಡಿಯ ಬಾಡಿಗೆ ಮನೆಯದ್ದು, ಮೈಸೂರಿನಲ್ಲಿ ತಂಗಿ ಮನೆಯದ್ದು ಎಂದು ಹಲವು ಟ್ಯಾಂಕ್ ಬಿಚ್ಚಿದ್ದೇನೆ. ಎಲ್ಲ ಕಡೆಯೂ ಒಂದೇ ಅನುಭವ. ರಿಪೇರಿ ಕಷ್ಟವಲ್ಲ. ಯಾವುದು ಕೆಟ್ಟಿದೆ ಎಂದು ತಿಳಿಯದೆ ಸಾಮಾನು ತರುವುದರಿಂದಲೇ ದುಡ್ಡು ಹಾಳಾಗುವುದು.

ಬರುವ ಬಾಗಿಲು, ಹೋಗುವ ಬಾಗಿಲು

ಫ್ಲಶ್ ಟ್ಯಾಂಕ್ ಅಂದರೆ ಎರಡು ಬಾಗಿಲಿನ ಒಂದು ಡಬ್ಬ. ಒಂದು ಬಾಗಿಲಿನಿಂದ ನೀರು ಬರುತ್ತದೆ. ಅದಕ್ಕೆ ಫ್ಲೋಟ್ ವಾಲ್ವ್ ಅಥವಾ ಬಾಲ್ ಕಾಕ್ ಎನ್ನುತ್ತಾರೆ. ನೀರು ಮೇಲೇರಿದಂತೆ ಒಂದು ಚೆಂಡೋ ಕಪ್ಪೋ ತೇಲುತ್ತಾ ಮೇಲೆ ಹೋಗಿ ಆ ಬಾಗಿಲನ್ನು ಮುಚ್ಚುತ್ತದೆ. ಇನ್ನೊಂದು ಬಾಗಿಲು ತಳದಲ್ಲಿದೆ. ಬಟನ್ ಒತ್ತಿದಾಗ ಅದು ತೆರೆದು ನೀರು ಕಮೋಡ್‌ಗೆ ಇಳಿಯುತ್ತದೆ, ಖಾಲಿಯಾದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಇವೆರಡರ ನಡುವೆ ಓವರ್‌ಫ್ಲೋ ಪೈಪ್ ಇರುತ್ತದೆ. ಬರುವ ಬಾಗಿಲು ಮುಚ್ಚದೇ ಹೋದರೆ ನೀರು ನೆಲಕ್ಕೆ ಚೆಲ್ಲದಂತೆ ಅದರ ಮೂಲಕ ಕಮೋಡ್‌ಗೇ ಹೋಗಿಬಿಡುತ್ತದೆ. ಅದಕ್ಕೇ ಈ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ.

ಪರೀಕ್ಷೆ ಹೀಗೆ. ಟ್ಯಾಂಕ್ ಪೂರ್ತಿ ತುಂಬಲಿ. ಗೋಡೆಯಿಂದ ಟ್ಯಾಂಕಿಗೆ ಬರುವ ಪೈಪಿನ ಬುಡದಲ್ಲಿ ನೀರು ನಿಲ್ಲಿಸುವ ಆಂಗಲ್ ಕಾಕ್ ಇರುತ್ತದೆ, ಅದನ್ನು ಮುಚ್ಚಿ. ಟ್ಯಾಂಕಿನ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ಅರ್ಧ ಗಂಟೆ ಯಾರೂ ಆ ಬಚ್ಚಲಿಗೆ ಹೋಗಬಾರದು.

ಅರ್ಧ ಗಂಟೆ ಬಿಟ್ಟು ನೋಡಿ. ನೀರು ಗೆರೆಗಿಂತ ಕೆಳಗಿಳಿದಿದ್ದರೆ ತಳದ ಬಾಗಿಲು ಸೋರುತ್ತಿದೆ. ಗೆರೆಯಲ್ಲೇ ನಿಂತಿದ್ದರೆ ತಳದ ಬಾಗಿಲು ಸರಿಯಾಗಿದೆ. ಈಗ ಆಂಗಲ್ ಕಾಕ್ ತೆರೆಯಿರಿ. ನೀರು ಮೆಲ್ಲಗೆ ಏರಿ ಓವರ್‌ಫ್ಲೋ ಪೈಪಿನ ಬಾಯಿಗೆ ಬಂದು ಒಳಗೆ ಜಾರತೊಡಗಿದರೆ ಕೆಟ್ಟಿರುವುದು ಬರುವ ಬಾಗಿಲು. ನಮ್ಮ ಮನೆಗೆ ಬಂದ ಪ್ಲಂಬರ್ ಈ ಅರ್ಧ ಗಂಟೆ ಕಾದಿದ್ದರೆ ಆ 1,400 ರೂಪಾಯಿ ಉಳಿಯುತ್ತಿತ್ತು.

ಎಷ್ಟು ಸೋರುತ್ತಿದೆ ಎಂದೂ ಇದರಿಂದಲೇ ಲೆಕ್ಕ ಹಾಕಬಹುದು. ನಮ್ಮ ಟ್ಯಾಂಕ್ ಒಳಗೆ ಸುಮಾರು 40 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ. ಅಂದರೆ ಒಂದು ಸೆಂಟಿಮೀಟರ್ ಇಳಿದರೆ 600 ಮಿಲಿಲೀಟರ್ ಹೋದ ಹಾಗೆ. ಅರ್ಧ ಗಂಟೆಯಲ್ಲಿ ಎರಡು ಸೆಂಟಿಮೀಟರ್ ಇಳಿದಿತ್ತು. ಗಂಟೆಗೆ 2.4 ಲೀಟರ್, ದಿನಕ್ಕೆ ಸುಮಾರು 58 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ಸರ್ಕಾರದ ಲೆಕ್ಕ. ನಾವು ಒಬ್ಬರ ಪಾಲಿನ ಹೆಚ್ಚುಕಡಿಮೆ ಅರ್ಧದಷ್ಟು ನೀರನ್ನು ಸುಮ್ನೆ ಬಿಡುತ್ತಿದ್ದೆವು. ಮೂರು ತಿಂಗಳಾಗಿದ್ದರೆ 5,000 ಲೀಟರ್‌ನ ಒಂದು ಟ್ಯಾಂಕರ್.

ಮುಚ್ಚಳ ತೆಗೆಯಲು ಆಗದ ಟ್ಯಾಂಕ್ ಆದರೆ, ಅಥವಾ ಸೋರಿಕೆ ತೀರಾ ಸಣ್ಣದಾಗಿದ್ದರೆ, ಕಮೋಡ್‌ನ ಹಿಂಭಾಗವನ್ನು ಒಣಬಟ್ಟೆಯಿಂದ ಒರೆಸಿ ಒಂದು ಟಿಶ್ಯೂ ಕಾಗದ ಅಂಟಿಸಿ. ಹದಿನೈದು ನಿಮಿಷದಲ್ಲಿ ಅದು ಮೇಲಿನಿಂದ ಒದ್ದೆಯಾದರೆ ಸೋರುತ್ತಿದೆ ಎಂದೇ ಅರ್ಥ. ಮುಚ್ಚಳ ತೆಗೆಯಬಹುದಾದರೆ ಬಣ್ಣ ಹಾಕಿಯೂ ನೋಡಬಹುದು. ನಾನು ಮೊದಲು ಕುಂಕುಮ ತರಲು ಹೋದೆ. ಅತ್ತೆ ತಡೆದರು. ಅರಿಶಿನ, ಕುಂಕುಮ ಅಲ್ಲಿಗೆ ಬೇಡ ಎಂದರು. ಅವರು ಹೇಳಿದ್ದು ಸರಿ. ಜೊತೆಗೆ ಅರಿಶಿನದ ಕಲೆ ಹೋಗುವುದೂ ಕಷ್ಟ. ಬೆಳಗಿನ ಕಾಫಿ ಡಿಕಾಕ್ಷನ್ ಉಳಿದಿದ್ದರೆ ಅರ್ಧ ಲೋಟ ಟ್ಯಾಂಕಿಗೆ ಸುರಿಯಿರಿ. ಬೀಟ್‌ರೂಟ್ ಬೇಯಿಸಿದ ನೀರೂ ಆದೀತು. ಫ್ಲಶ್ ಮಾಡದೆ ಇಪ್ಪತ್ತು ನಿಮಿಷ ಬಿಟ್ಟು ಕಮೋಡ್‌ನಲ್ಲಿ ನೋಡಿ, ಬಣ್ಣ ಕಂಡರೆ ಸೋರುತ್ತಿದೆ.

ಬಿಚ್ಚುವ ಮೊದಲು

ನೀರು ನಿಲ್ಲಿಸಬೇಕು. ಆಂಗಲ್ ಕಾಕ್ ವರ್ಷಗಟ್ಟಲೆ ತಿರುಗಿಸದೆ ಬಿಟ್ಟಿದ್ದರೆ ಉಪ್ಪು ಕಟ್ಟಿ ಗಟ್ಟಿಯಾಗಿರುತ್ತದೆ. ಅದರ ಮೇಲೆ ಬಲ ಹಾಕಬೇಡಿ. ಮುರಿದರೆ ಬಚ್ಚಲು ತುಂಬಾ ನೀರಾಗುತ್ತದೆ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸುತ್ತಾ ಸಡಿಲ ಮಾಡಿ. ಆಗಲೂ ಬರದಿದ್ದರೆ ಟೆರೇಸ್‌ಗೆ ಹೋಗಿ ಆ ಬಚ್ಚಲಿನ ಲೈನಿನ ಗೇಟ್ ವಾಲ್ವ್ ಮುಚ್ಚಿ. ಯಾವ ವಾಲ್ವ್ ಯಾವ ಬಚ್ಚಲಿನದ್ದು ಎಂದು ಬಣ್ಣದಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು. ನಾನು ಈಗ ಬರೆದಿದ್ದೇನೆ.

ಪಿಂಗಾಣಿ ಮುಚ್ಚಳವನ್ನು ಬಟನ್ ಸಹಿತ ಎಳೆಯಬಾರದು. ಎಷ್ಟೋ ಟ್ಯಾಂಕ್‌ಗಳಲ್ಲಿ ಬಟನ್ನಿನ ಸುತ್ತಲಿನ ಉಂಗುರವನ್ನು ತಿರುಗಿಸಿ ಬಿಚ್ಚಿದ ಮೇಲೆಯೇ ಮುಚ್ಚಳ ಬರುವುದು. ತೆಗೆದ ಮುಚ್ಚಳವನ್ನು ಟವೆಲ್ ಹಾಸಿ ಮಲಗಿಸಿ. ಗೋಡೆಗೆ ಒರಗಿಸಿಟ್ಟರೆ ಜಾರುತ್ತದೆ. ಒಡೆದರೆ ಅದೇ ಅಳತೆಯ ಮುಚ್ಚಳ ಮಾತ್ರ ಬೇರೆ ಸಿಗುವುದು ಬಹಳ ಕಷ್ಟ.

ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಜೋಡಿಸುವಾಗ ಅದೇ ದಾರಿ ತೋರಿಸುತ್ತದೆ.

ತಳದ ವಾಷರ್

ಈಗಿನ ಎರಡು ಬಟನ್ನಿನ ಟ್ಯಾಂಕ್‌ಗಳಲ್ಲಿ ನಡುವೆ ಒಂದು ಪ್ಲಾಸ್ಟಿಕ್ ಗೋಪುರ ನಿಂತಿರುತ್ತದೆ. ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ, ಟ್ಯಾಂಕ್ ಖಾಲಿ ಮಾಡಿ. ಗೋಪುರವನ್ನು ಎರಡೂ ಕೈಯಲ್ಲಿ ಹಿಡಿದು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿದರೆ ಹೆಚ್ಚಿನವು ಬುಡದಿಂದ ಬಿಟ್ಟುಕೊಂಡು ಮೇಲೆ ಬರುತ್ತವೆ. ಕೆಲವಕ್ಕೆ ಪಕ್ಕದಲ್ಲಿ ಒತ್ತುವ ಕ್ಲಿಪ್ ಇರುತ್ತದೆ. ಅದರ ತಳಕ್ಕೆ ಬಳೆಯಂಥ ಒಂದು ರಬ್ಬರ್ ಸಿಕ್ಕಿಸಿರುತ್ತಾರೆ. ಸೋರುವುದು ಅಲ್ಲೇ.

ಆ ರಬ್ಬರ್‌ನ ಮೇಲೆ ಬೆರಳಾಡಿಸಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಮರಳು ಮರಳಾಗಿ ಬಿಳಿ ಪದರ ಕೈಗೆ ತಾಗುತ್ತದೆ. ಟ್ಯಾಂಕರ್ ನೀರಾದರೆ ಸಣ್ಣ ಮಣ್ಣು, ಮರಳಿನ ಕಣ. ಒಂದೇ ಒಂದು ಮರಳಿನ ಕಾಳು ಸಾಕು, ರಬ್ಬರ್ ಸರಿಯಾಗಿ ಕೂರುವುದಿಲ್ಲ. ಮೆತ್ತನೆ ಬಟ್ಟೆಯಿಂದ ರಬ್ಬರನ್ನೂ, ಅದು ಕೂರುವ ಜಾಗವನ್ನೂ ಒರೆಸಿ. ಬ್ಲೇಡ್, ಚಾಕು ತಾಗಿಸಬೇಡಿ. ಒಂದು ಗೀರು ಬಿದ್ದರೆ ಆ ಗೀರಿನಲ್ಲೇ ನೀರು ಸೋರುತ್ತದೆ. ಬಿಳಿ ಪದರ ಗಟ್ಟಿಯಾಗಿದ್ದರೆ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಟ್ಟೆ ಅದ್ದಿ, ಅರ್ಧ ಗಂಟೆ ಆ ಜಾಗದ ಮೇಲೆ ಇಡಿ. ಕರಗಿ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಆಸಿಡ್, ವಿನೆಗರ್, ನಿಂಬೆ ಉಪ್ಪು ಇವುಗಳಲ್ಲಿ ಯಾವುದನ್ನೂ ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಲೇಬಾರದು. ಕ್ಲೋರಿನ್ ಗ್ಯಾಸ್ ಬರುತ್ತದೆ. ಚಿಕ್ಕ ಬಚ್ಚಲಿನಲ್ಲಿ ಅದು ನಿಜಕ್ಕೂ ಅಪಾಯ. ಮೊದಲು ಒಂದನ್ನು ಬಳಸಿದ್ದರೆ ಎರಡು ಮೂರು ಸಲ ಫ್ಲಶ್ ಮಾಡಿ, ಕಿಟಕಿ ತೆರೆದು, ಆಮೇಲೆ ಕೆಲಸ ಶುರು ಮಾಡಿ.

ರಬ್ಬರ್ ಮೆತ್ತಗಿದ್ದು, ಒಂದು ಕಡೆ ಮಾತ್ರ ತಗ್ಗು ಬಿದ್ದಿದ್ದರೆ ಮಗುಚಿ ಹಾಕಿ ನೋಡಿ. ಎರಡೂ ಬದಿ ಒಂದೇ ತರಹ ಇರುವ ವಾಷರ್‌ಗಳಿಗೆ ಇದು ಆಗುತ್ತದೆ. ನಮ್ಮದು ಹಾಗೆ ಏಳು ತಿಂಗಳು ನಡೆಯಿತು. ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಬೆರಳಿಗೆ ಕಪ್ಪು ಮಸಿ ಹತ್ತುತ್ತಿದ್ದರೆ ಹೊಸದೇ ಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಕಣ್ಣಳತೆಯಲ್ಲಿ ತಂದ ವಾಷರ್ ಎರಡು ಮಿಲಿಮೀಟರ್ ದೊಡ್ಡದಾದರೂ ಕೂರುವುದಿಲ್ಲ. ಹತ್ತಿರದ ಹಾರ್ಡ್‌ವೇರ್ ಅಂಗಡಿಯವರು "ಬರೀ ವಾಷರ್ ಬರಲ್ಲ, ಸೆಟ್ಟೇ ತಗೊಳ್ಳಿ" ಅಂದರೆ ಇನ್ನೊಂದು ಅಂಗಡಿ ನೋಡಿ. ನನಗೆ ಬೇಕಾದದ್ದು ಕೊನೆಗೆ ಎಸ್.ಜೆ.ಪಿ. ರಸ್ತೆಯಲ್ಲಿ ಸಿಕ್ಕಿತು. ಎರಡು ತಂದು ಒಂದನ್ನು ಎತ್ತಿಟ್ಟಿದ್ದೇನೆ.

ಟ್ಯಾಂಕಿನೊಳಗೆ ಹಾಕುವ ಕ್ಲೋರಿನ್ ಮಾತ್ರೆಗಳ ಬಗ್ಗೆಯೂ ಹೇಳಬೇಕು. ವಾಸನೆ ಬರಬಾರದು ಎಂದು ಹಾಕುತ್ತೇವೆ. ಆದರೆ ಆ ನೀರು ದಿನವಿಡೀ ರಬ್ಬರ್ ಸುತ್ತಲೇ ನಿಂತಿರುತ್ತದೆ, ಬೇಗ ಹಾಳು ಮಾಡುತ್ತದೆ. ಕಮೋಡ್ ತೊಳೆಯಲು ಏನು ಹಾಕುವುದಿದ್ದರೂ ಕಮೋಡ್‌ಗೇ ಹಾಕಿ. ಟ್ಯಾಂಕಿಗೆ ಏನೂ ಹಾಕಬೇಡಿ.

ನೀರು ನಿಲ್ಲದೆ ತುಂಬುತ್ತಿದ್ದರೆ

ಮೊದಲು ಕಪ್ ಅಥವಾ ಚೆಂಡನ್ನು ಕೈಯಿಂದ ಮೇಲಕ್ಕೆ ಎತ್ತಿ. ನೀರು ಪೂರ್ತಿ ನಿಂತರೆ ವಾಲ್ವ್ ಚೆನ್ನಾಗಿದೆ, ಮಟ್ಟ ಮಾತ್ರ ತಪ್ಪಿದೆ. ಹೊಸ ಮಾದರಿಯಲ್ಲಿ ಕಪ್ಪಿನ ಪಕ್ಕ ಉದ್ದನೆಯ ತಿರುಪು ಅಥವಾ ಕ್ಲಿಪ್ ಇರುತ್ತದೆ. ಅದರಿಂದ ಕಪ್ಪನ್ನು ಕೆಳಗಿಳಿಸಿ. ಓವರ್‌ಫ್ಲೋ ಪೈಪಿನ ಬಾಯಿಗಿಂತ ಎರಡು, ಎರಡೂವರೆ ಸೆಂಟಿಮೀಟರ್ ಕೆಳಗೆ ನೀರು ನಿಲ್ಲಬೇಕು.

ಎತ್ತಿದರೂ ನೀರು ನಿಲ್ಲದಿದ್ದರೆ ವಾಲ್ವ್‌ನೊಳಗೆ ಕಸ ಸಿಕ್ಕಿದೆ ಅಥವಾ ಒಳಗಿನ ಪುಟ್ಟ ರಬ್ಬರ್ ಹೋಗಿದೆ. ಆಂಗಲ್ ಕಾಕ್ ಮುಚ್ಚಿ. ಬಹುತೇಕ ವಾಲ್ವ್‌ಗಳ ತಲೆಯ ಮೇಲಿನ ಟೋಪಿಯನ್ನು ಸ್ವಲ್ಪ ಒತ್ತಿ ತಿರುಗಿಸಿದರೆ ಬಿಚ್ಚುತ್ತದೆ. ಒಳಗೆ ದುಂಡಗಿನ ತೆಳು ರಬ್ಬರ್ ಇರುತ್ತದೆ. ತೆಗೆದು ತೊಳೆಯಿರಿ. ಆಮೇಲೆ ಟೋಪಿ ಇಲ್ಲದ ವಾಲ್ವ್‌ನ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಿಡಿದು, ಆಂಗಲ್ ಕಾಕನ್ನು ಐದಾರು ಸೆಕೆಂಡ್ ಸ್ವಲ್ಪವೇ ತೆರೆಯಿರಿ. ಪೈಪಿನಲ್ಲಿದ್ದ ಮರಳು ಹಾರಿ ಹೊರಗೆ ಬರುತ್ತದೆ. ಲೋಟ ಹಿಡಿಯದಿದ್ದರೆ ನೀರು ನೇರ ಸೂರಿಗೆ ಚಿಮ್ಮುತ್ತದೆ.

ಹಳೇ ಮನೆಗಳಲ್ಲಿ ಹಿತ್ತಾಳೆ ಬಾಲ್ ಕಾಕ್ ಇರುತ್ತದೆ. ಉದ್ದ ಕಡ್ಡಿ, ತುದಿಗೆ ಪ್ಲಾಸ್ಟಿಕ್ ಚೆಂಡು. ಚೆಂಡನ್ನು ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ನೀರಿನ ಸದ್ದು ಬಂದರೆ ತೂತಾಗಿದೆ, ಅದು ಇನ್ನು ಸರಿಯಾಗಿ ತೇಲುವುದಿಲ್ಲ. ಹೊಸ ಚೆಂಡು ಹಾಕಿ. ಚೆಂಡು ಚೆನ್ನಾಗಿದ್ದು ಮಟ್ಟ ಜಾಸ್ತಿಯಿದ್ದರೆ ಹಿತ್ತಾಳೆ ಕಡ್ಡಿಯನ್ನು ಎರಡು ಕೈಯಲ್ಲಿ ಹಿಡಿದು ಕೆಳಮುಖವಾಗಿ ಸ್ವಲ್ಪ ಬಗ್ಗಿಸಿ. ಅದೂ ಆಗದಿದ್ದರೆ ಕಡ್ಡಿಯ ಬುಡದ ಪಿನ್ನನ್ನು ಇಕ್ಕಳದಿಂದ ನೇರ ಮಾಡಿ ಎಳೆಯಿರಿ. ಕಡ್ಡಿ ಕಳಚುತ್ತದೆ, ಒಳಗಿನ ಪುಟ್ಟ ಪಿಸ್ಟನ್ ಜಾರಿ ಬರುತ್ತದೆ. ಅದರ ತುದಿಯಲ್ಲಿ ಗುಂಡಿಯಷ್ಟು ದೊಡ್ಡ ರಬ್ಬರ್. ಅದರ ನಡುವೆ ಆಳವಾಗಿ ಗುಂಡಗೆ ಗುರುತು ಬಿದ್ದಿರುತ್ತದೆ. ಬದಲಾಯಿಸಿ ಹಾಕಿದರೆ ಹಿತ್ತಾಳೆ ಕಾಕ್ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಅದನ್ನು ಎಸೆದು ಅಗ್ಗದ ಪ್ಲಾಸ್ಟಿಕ್ ಹಾಕಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೈಸೂರಿನ ತಂಗಿ ಮನೆಯಲ್ಲಿ ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ರಬ್ಬರ್ ಹಾಕಿ ಬಂದೆ. ಇವತ್ತಿಗೂ ಒಂದು ಹನಿ ಸೋರುತ್ತಿಲ್ಲ.

ತುಂಬುವುದೇ ನಿಧಾನವಾದರೆ

ಮಹಡಿ ಮನೆಯ ಬಾಡಿಗೆಯವರು ಒಂದು ದಿನ ಬಂದು "ಆಂಟಿ, ಒಂದು ಸಲ ಫ್ಲಶ್ ಮಾಡಿದ್ರೆ ಮತ್ತೆ ತುಂಬೋಕೆ ಇಪ್ಪತ್ತು ನಿಮಿಷ ಆಗುತ್ತೆ" ಅಂದರು. ಅದಕ್ಕೆ ಎರಡು ದಿನ ಹಿಂದೆ ನಾವು ಟೆರೇಸ್ ಮೇಲಿನ ಸಿಂಟೆಕ್ಸ್ ತೊಳೆಸಿದ್ದೆವು. ತಳದ ಕೆಸರು ಕದಡಿ ಪೈಪಿಗೆ ಇಳಿದಿತ್ತು. ವಾಲ್ವ್ ಬುಡದಲ್ಲಿ, ಕನೆಕ್ಷನ್ ಪೈಪ್ ಸೇರುವ ಕಡೆ ಬೆರಳು ಗಾತ್ರದ ಒಂದು ಜಾಲರಿ ಇರುತ್ತದೆ. ಪೈಪ್ ಬಿಚ್ಚಿ, ಜಾಲರಿ ಎಳೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಹಾಕಿದೆ. ಎರಡು ನಿಮಿಷಕ್ಕೇ ತುಂಬಿತು. ಜಾಲರಿಯನ್ನು ಮತ್ತೆ ಹಾಕಲು ಮರೆಯಬೇಡಿ. ಅದಿಲ್ಲದಿದ್ದರೆ ಮುಂದಿನ ಸಲ ಕಸ ನೇರ ವಾಲ್ವ್‌ನೊಳಗೆ ಹೋಗುತ್ತದೆ.

ಕನೆಕ್ಷನ್ ಪೈಪಿನ ನಟ್ಟಿನೊಳಗೇ ರಬ್ಬರ್ ವಾಷರ್ ಇರುತ್ತದೆ, ಅದಕ್ಕೆ ಟೆಫ್ಲಾನ್ ಟೇಪ್ ಬೇಡ. ಗೋಡೆಗೆ ಕೂರುವ ಆಂಗಲ್ ಕಾಕ್‌ನ ಮರೆಗೆ (ತಿರುಪಿನ ಸುತ್ತುಗಳಿಗೆ) ಮಾತ್ರ ಟೇಪ್ ಬೇಕು. ಮರೆಯ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ.

ಎರಡು ಮೂರು ಸಲ ಒತ್ತಬೇಕಾದರೆ

ಪಕ್ಕದಲ್ಲಿ ಹಿಡಿ ಇರುವ 10 ಲೀಟರ್‌ನ ಪಿವಿಸಿ ಟ್ಯಾಂಕ್‌ಗಳು ಈಗಲೂ ಎಷ್ಟೋ ಮನೆಗಳಲ್ಲಿವೆ. ಇಂಡಿಯನ್ ಟಾಯ್ಲೆಟ್ ಇರುವ ಕಡೆ ಜಾಸ್ತಿ. ಅವುಗಳಲ್ಲಿ ತಳದ ಬಾಗಿಲೇ ಇಲ್ಲ. ಒಳಗೆ ಬಗ್ಗಿದ ಪೈಪಿನ ಸೈಫನ್ ಇರುತ್ತದೆ. ಹಿಡಿ ಒತ್ತಿದಾಗ ಒಂದು ತಟ್ಟೆ ನೀರನ್ನು ಮೇಲಕ್ಕೆತ್ತಿ ಬಾಗಿನ ಆಚೆ ದಾಟಿಸುತ್ತದೆ, ಅಲ್ಲಿಂದ ಮುಂದೆ ಉಳಿದ ನೀರೆಲ್ಲ ತಾನೇ ಎಳೆದುಕೊಂಡು ಹೋಗುತ್ತದೆ. ಆ ತಟ್ಟೆಯ ಮೇಲಿರುವ ತೆಳು ವಾಷರ್ ಹರಿದರೆ ನೀರು ಮೇಲೇರುವುದಿಲ್ಲ. ಆಗ ಹಿಡಿಯನ್ನು ನಾಲ್ಕು ಸಲ ಜಗ್ಗಬೇಕಾಗುತ್ತದೆ. ಸೈಫನ್ ಬಿಚ್ಚಿ ವಾಷರ್ ಬದಲಾಯಿಸಬೇಕು. ಅಂಗಡಿ ಬಾಗಿಲು ಹಾಕಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಳೇ ವಾಷರ್‌ನ ಅಳತೆಗೆ ಕತ್ತರಿಸಿ ಹಾಕಿ. ಹಾಲಿನ ಕವರ್ ಆದರೆ ಎರಡು ಪದರ. ಒಂದೆರಡು ವಾರಕ್ಕೆ ಮೋಸವಿಲ್ಲ.

ಇಂಥ ಟ್ಯಾಂಕಿನಲ್ಲಿ ನೀರು ಸದಾ ಹರಿಯುತ್ತಿದ್ದರೆ ತಳ ಹುಡುಕಬೇಡಿ, ನೇರ ಬಾಲ್ ಕಾಕ್ ನೋಡಿ.

ಎರಡು ಬಟನ್ನಿನ ಟ್ಯಾಂಕಿನಲ್ಲಿ ಫ್ಲಶ್ ಸೋತರೆ ಮೊದಲು ನೀರಿನ ಮಟ್ಟ ನೋಡಿ. ನೀರು ಉಳಿಸಲೆಂದು ಮಟ್ಟವನ್ನು ತೀರಾ ಕೆಳಗಿಳಿಸಿದರೆ ಒಂದರ ಬದಲು ಎರಡು ಸಲ ಒತ್ತಬೇಕಾಗುತ್ತದೆ, ಉಳಿತಾಯವೇನೂ ಆಗುವುದಿಲ್ಲ. ಮಟ್ಟ ಸರಿಯಿದ್ದರೆ ಮುಚ್ಚಳದಿಂದ ಇಳಿಯುವ ಬಟನ್ನಿನ ಕಡ್ಡಿ ಗಿಡ್ಡವಾಗಿರಬಹುದು. ತಿರುಪು ಬಿಚ್ಚಿ ಉದ್ದ ಮಾಡಿ. ತೀರಾ ಉದ್ದವಾದರೆ ಬಟನ್ ಯಾವಾಗಲೂ ಒತ್ತಿದಂತೆಯೇ ಇದ್ದು ತಳ ಸೋರುತ್ತದೆ. ಮುಚ್ಚಳ ಹಾಕಿದ ಮೇಲೆ ಬಟನ್ ಬೆರಳಿಗೆ ಸ್ವಲ್ಪ ಸಡಿಲ ಸಿಗಬೇಕು. ಇವೆಲ್ಲ ಸರಿಯಿದ್ದೂ ನೀರು ಜೋರಾಗಿ ಬರದಿದ್ದರೆ ಕಮೋಡ್‌ನ ಅಂಚಿನ ಕೆಳಗೆ ಒಂದು ಪುಟ್ಟ ಕನ್ನಡಿ ಹಿಡಿದು ನೋಡಿ. ಗಡಸು ನೀರಿನ ಉಪ್ಪು ಅಲ್ಲಿನ ತೂತುಗಳನ್ನು ಮುಚ್ಚಿರುತ್ತದೆ. ರಾತ್ರಿ ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅಂಚಿನ ಕೆಳಗೆ ತುರುಕಿಟ್ಟು, ಬೆಳಿಗ್ಗೆ ಬ್ರಷ್ ಹಾಕಿ ತಿಕ್ಕಿ.

ಪ್ಲಂಬರ್ ಬೇಕೇ ಬೇಕಾದ ಕಡೆ

ಪಿಂಗಾಣಿ ಟ್ಯಾಂಕ್ ಬಿರುಕು ಬಿಟ್ಟಿದ್ದರೆ ಅಂಟು ಹಚ್ಚಿ ನಂಬಬೇಡಿ. ಟ್ಯಾಂಕ್ ಮತ್ತು ಕಮೋಡ್ ಸೇರುವ ಕಡೆ ನೀರು ಇಳಿಯುತ್ತಿದ್ದರೆ ಟ್ಯಾಂಕನ್ನೇ ಎತ್ತಿ ದಪ್ಪ ರಬ್ಬರ್ ಬದಲಾಯಿಸಬೇಕು. ಇದಕ್ಕೆ ಇಬ್ಬರು ಬೇಕು, ಬೋಲ್ಟನ್ನು ಎರಡೂ ಕಡೆ ಸಮವಾಗಿ ಬಿಗಿ ಮಾಡುವ ಕೈ ಬೇಕು. ಒಂದು ಕಡೆ ಜಾಸ್ತಿಯಾದರೆ ಪಿಂಗಾಣಿ ಸೀಳುತ್ತದೆ. ಗೋಡೆಯೊಳಗಿನ ಟ್ಯಾಂಕ್ ಆದರೆ ಬಟನ್ ಫಲಕ ತೆಗೆದು ಒಳಗಿನ ಕಾಕ್ ಮುಚ್ಚುವುದು, ವಾಷರ್ ಒರೆಸುವುದು ನಾವೇ ಮಾಡಬಹುದು. ಗೋಡೆಯ ಆಚೆ ತೇವ ಕಂಡರೆ ಮಾತ್ರ ತಡ ಮಾಡದೆ ಕರೆಸಿ. ಕರೆಸುವ ಮೊದಲು ಪೆನ್ಸಿಲ್ ಗೆರೆಯ ಪರೀಕ್ಷೆ ಮುಗಿಸಿಕೊಳ್ಳಿ. "ಅಣ್ಣ, ಬರುವ ವಾಲ್ವ್ ಸರಿಯಾಗಿದೆ, ತಳದ್ದು ಸೋರ್ತಿದೆ" ಎಂದು ಹೇಳಿದರೆ ಅವರೂ ಅದನ್ನೇ ನೋಡುತ್ತಾರೆ.

ಯಾರೂ ಬಳಸದ ಬಚ್ಚಲಿನ ಟ್ಯಾಂಕನ್ನೂ ವಾರಕ್ಕೊಮ್ಮೆ ಫ್ಲಶ್ ಮಾಡಿ, ಮುಚ್ಚಳ ಭದ್ರವಾಗಿರಲಿ. ಡೆಂಗಿ ತರುವ ಸೊಳ್ಳೆ ಇಂಥ ನಿಂತ ನೀರಿನಲ್ಲೇ ಮೊಟ್ಟೆ ಇಡುವುದು.

ನಾನು ಪ್ರತಿ ಯುಗಾದಿಯ ಹಿಂದಿನ ವಾರ, ಮನೆ ತೊಳೆಯುವಾಗ, ನಮ್ಮ ಮೂರು ಟ್ಯಾಂಕಿಗೂ ಗೆರೆ ಎಳೆದು ನೋಡುತ್ತೇನೆ. ವಾಷರ್ ಹಾಕಿದ ತಾರೀಖನ್ನು ಮಾರ್ಕರ್ ಪೆನ್ನಿನಲ್ಲಿ ಮುಚ್ಚಳದ ಒಳಬದಿಗೆ ಬರೆಯುತ್ತೇನೆ. ಅತ್ತೆ ಈಗ ಮಲಗುವ ಮೊದಲು ತಾವೇ ಹೋಗಿ ಟ್ಯಾಂಕಿಗೆ ಕಿವಿ ಇಟ್ಟು, "ಏನೂ ಸದ್ದಿಲ್ಲ ಬಿಡಮ್ಮ" ಎಂದು ಹೇಳಿ ದೀಪ ಆರಿಸುತ್ತಾರೆ.